ಮಿಲ್ಲಿನ ಬೀದಿಯ ಕಾಗೆ

ಮಿಲ್ಲು ಮುಚ್ಚಿ ಜನ ಗಂಟುಮೂಟೆ ಕಟ್ಟಿದ ಮೇಲೂ ಆ ಊರಲ್ಲಿ ಒಂದು ಕಾಗೆ ಉಳಿದಿತ್ತು. ತುತ್ತು ಸಿಕ್ಕರೆ ಬಳಗವನ್ನು ಕರೆದೇ ತಿನ್ನುವುದು ಅದರ ಕುಲಾಚಾರ. ಕರೆಯುತ್ತಿತ್ತು, ಕಾಯುತ್ತಿತ್ತು, ಯಾರೂ ಬಾರದಿದ್ದಾಗ ಒಂಟಿಯಾಗಿ ನುಂಗುತ್ತಿತ್ತು.

"ಹಾಳೂರಲ್ಲಿ ಯಾರನ್ನಯ್ಯಾ ಕರೀತೀಯ? ನಿದ್ದೆ ಕೆಡಿಸಬೇಡ" ಎಂದು ಮಿಲ್ಲಿನ ಚಿಮಣಿಯಲ್ಲಿದ್ದ ಗೂಬೆ ಗದರುತ್ತಿತ್ತು.

ಕಾಲ ತಿರುಗಿತು. ಮಿಲ್ಲು ಹೋಟೆಲಾಯಿತು, ಬೀದಿಗೆ ದೀಪದ ಸರ ಬಂತು, ಊರು ನೋಡಲು ಊರೂರಿನವರು ಬಂದರು. ಅವರ ಹಿಂದೆಯೇ ಪಾರಿವಾಳ, ಗೊರವಂಕಗಳ ದಂಡು ಬಂದು ತಂತಿಯ ಮೇಲೆಲ್ಲ ಕೂತಿತು. ಕಾಗೆಗೆ ಉಳಿದದ್ದು ಚರಂಡಿಯ ಅಂಚು. ಆದರೂ ಅದಕ್ಕೆ ಹಿಗ್ಗು: "ಅಂತೂ ಬಂದರಲ್ಲ!"

ಅವತ್ತು ಇಡ್ಲಿಯ ಚೂರೊಂದು ಸಿಕ್ಕಿತು. ಕಾಗೆ ಗಂಟಲು ಬಿರಿಯುವಂತೆ ಕರೆಯಿತು. ತಂತಿಯ ಮೇಲಿನವರು ತಮ್ಮ ತಮ್ಮ ಗದ್ದಲದಲ್ಲಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಊರು ಖಾಲಿಯಿದ್ದಾಗ ಕಾದದ್ದಕ್ಕಿಂತ ಹೆಚ್ಚು ಹೊತ್ತು ಕಾಗೆ ಕಾಯಿತು. ಇಡ್ಲಿ ಒಣಗಿತು.

ಆಗ ಚಿಮಣಿಯಿಂದ ಗೂಬೆ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು, ತಡವರಿಸುತ್ತ ಇಳಿದು ಪಕ್ಕದಲ್ಲಿ ಕೂತಿತು.

"ನೀನು ಇಡ್ಲಿ ತಿನ್ನುವವನಲ್ಲವಲ್ಲ?" ಎಂದಿತು ಕಾಗೆ.

"ಅಲ್ಲ. ಹಗಲು ಕಣ್ಣೂ ಕಾಣದು" ಎಂದಿತು ಗೂಬೆ. "ಆದರೆ ಇಷ್ಟು ವರ್ಷವೂ ನಿನ್ನ ಕರೆ ಕೇಳಿಸಿದ್ದು ನನಗೊಬ್ಬನಿಗೇ. ಬಂದಿದ್ದೇನೆ, ತಿನ್ನು."