ಬಾತುಮರಿ ಬೂದಿ ಮತ್ತು ಚಾರ್ಜು ಮುಗಿದ ದೀಪ

ಕಾಲು ಚಾಚಿ ಕೂತ್ಕೊಳ್ಳಿ. ಕಿವಿ ಇತ್ತ ಕೊಡಿ. ಹುಲಿಗಿಯ ಕಥೆ ಹೇಳುತ್ತೇನೆ.

ಕಾಲುವೆ ದಂಡೆಯ ಮೇಲೆ ಒಂದು ಮನೆ. ಆ ಮನೆಯಲ್ಲಿ ಹುಲಿಗಿ ಎಂಬ ಹುಡುಗಿ. ಅವಳ ಅವ್ವ ಬಾತುಕೋಳಿ ಸಾಕುತ್ತಿದ್ದಳು. ಹಿತ್ತಿಲ ತುಂಬ ಬಾತು. ಬಾತಿನ ಹಿಂದೆ ಮರಿ. ಮರಿಗಳ ಹಿಂದೆ ಒಂದು ಕುಂಟು ಮರಿ. ಅದರ ಬಣ್ಣ ಬೂದಿ. ಅದರ ಹೆಸರೂ ಬೂದಿ.

ಹುಲಿಗಿಗೆ ಒಂದು ಸೈಕಲ್ಲು ಇತ್ತು. ಸೈಕಲ್ಲಿನ ಹಿಂದೆ ಒಂದು ಕೆಂಪು ದೀಪ. ಅವಳ ಮಾವ ತಂದುಕೊಟ್ಟದ್ದು. ಅದು ಬರೀ ದೀಪ ಅಲ್ಲ. ಅದರ ನಡುವೆ ಒಂದು ಕಣ್ಣು, ಪುಟ್ಟ ಕ್ಯಾಮೆರಾ. ಸೈಕಲ್ಲು ಮುಂದೆ ಹೋಗುತ್ತದೆ. ಕಣ್ಣು ಹಿಂದೆ ನೋಡುತ್ತದೆ. ದೀಪದಲ್ಲಿ ಚಾರ್ಜು ಇದ್ದರೆ, ಹಿಂದೆ ಆದದ್ದೆಲ್ಲ ಆಮೇಲೆ ಫೋನಿನಲ್ಲಿ ಕಾಣುತ್ತದೆ.

ಮಾವ ಹೇಳಿದ್ದ, “ಹಗಲಿನ್ಯಾಗ ಕಣ್ಣು ಸಾಕು. ಕತ್ತಲಾದಾಗ ದೀಪ ಸಾಕು. ಎರಡೂ ಹಚ್ಚಿದ್ರ ಚಾರ್ಜು ಲಗೂನ ಮುಗೀತೈತಿ.”

ಒಂದು ದಿನ ಹುಲಿಗಿ ಬೂದಿಯನ್ನು ಬುಟ್ಟಿಯಲ್ಲಿ ಕೂರಿಸಿದಳು. ಬುಟ್ಟಿಯನ್ನು ಸೈಕಲ್ಲಿನ ಹಿಂದೆ ಕಟ್ಟಿದಳು. ದನದ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಬೂದಿಯ ಕಾಲಿಗೆ ಬಟ್ಟೆ ಸುತ್ತಿದರು. ಹುಲಿಗಿ ಖುಷಿಯಿಂದ ಹೊರಟಳು. ಕಣ್ಣೂ ಹಚ್ಚಿದಳು. ದೀಪವೂ ಹಚ್ಚಿದಳು. ಪೇಟೆ ದಾಟಿದಳು. ಗದ್ದೆ ದಾಟಿದಳು. ಸೇತುವೆ ದಾಟಿದಳು. ಮನೆಗೆ ಬಂದು ಬುಟ್ಟಿ ನೋಡಿದಳು.

ಬುಟ್ಟಿ ಖಾಲಿ. ಬೂದಿ ಇಲ್ಲ.

ತಾಯಿ ಬಾತು ಬಂದು ಬುಟ್ಟಿ ನೋಡಿತು. ಬಾಗಿಲಲ್ಲಿ ನಿಂತಿತು. ಕಾಳು ಹಾಕಿದರೂ ತಿನ್ನಲಿಲ್ಲ.

ಅವ್ವ ಹೇಳಿದಳು, “ಹೊತ್ತು ಮುಳುಗೂದ್ರಾಗ ಹುಡುಕಬೇಕವ್ವ. ಕತ್ತಲಾದ್ರ ನರಿ ಬರ್ತಾವ.”

ಎಲ್ಲಿ ಹುಡುಕುವುದು? ದಾರಿ ಉದ್ದ. ಗದ್ದೆ ಅಗಲ. ಮರಿ ಇಷ್ಟೇ ಇಷ್ಟು.

“ಕಣ್ಣು ನೋಡಿರ್ತೈತಿ ಬೇ,” ಅಂದಳು ಹುಲಿಗಿ. ದೀಪದ ಗುಂಡಿ ಒತ್ತಿದಳು. ದೀಪ ಹತ್ತಲಿಲ್ಲ. ಮತ್ತೆ ಒತ್ತಿದಳು. ಹತ್ತಲಿಲ್ಲ. ಚಾರ್ಜು ಮುಗಿದಿತ್ತು.

ಚಾರ್ಜು ಮಾಡೋಣ ಅಂದರೆ ದೀಪದ ವೈರನ್ನು ಇಲಿ ಕಡಿದಿತ್ತು. ಫೋನಿನ ವೈರು ತಂದಳು. ಅದರ ಬಾಯಿ ಬೇರೆ, ದೀಪದ ಬಾಯಿ ಬೇರೆ. ಕೂರಲಿಲ್ಲ.

“ಪಂಪಕ್ಕನ ರೇಡಿಯೋಕ್ಕ ಇಂಥಾದೇ ವೈರ್ ಐತಿ,” ಅಂದಳು ಅವ್ವ. ತನ್ನ ಫೋನನ್ನು ಹುಲಿಗಿಯ ಕೈಗೆ ಕೊಟ್ಟಳು. “ಹೋಗಿ ಬಾ.”

ಹುಲಿಗಿ ಸೈಕಲ್ಲು ಹತ್ತಿದಳು. ಟ್ರಿಣ್ ಟ್ರಿಣ್. ಟೇಲರ್ ಪಂಪಕ್ಕನ ಅಂಗಡಿಗೆ ಬಂದಳು.

“ಪಂಪಕ್ಕಾ, ಪಂಪಕ್ಕಾ, ವೈರ್ ಕೊಡ್ರಿ. ವೈರು ದೀಪಕ್ಕ. ದೀಪ ಮರಿಗೆ. ನನ್ನ ಮರಿ ಸಿಗಬೇಕು.”

ಪಂಪಕ್ಕ ಬಟ್ಟೆಯ ರಾಶಿಯ ಹಿಂದೆ ಕೂತಿದ್ದಳು. ಮೂಗು ಮಾತ್ರ ಕಾಣುತ್ತಿತ್ತು.

“ವೈರು ಈ ರಾಶಿ ತಳಕ್ಕ ಎಲ್ಲೋ ಐತಿ. ರಾಶಿ ಕತ್ತರಿಸಿ ಮುಗಿದ್ರ ಸಿಗತೈತಿ. ನನ್ನ ಕತ್ತರಿ ಮೊಂಡಾಗೇತಿ. ಸಾಣಿ ಹಿಡಿಸಿಕೊಂಡು ಬಾ, ವೈರ್ ಕೊಡ್ತೀನಿ.”

ಹುಲಿಗಿ ಕತ್ತರಿ ತಗೊಂಡಳು. ಟ್ರಿಣ್ ಟ್ರಿಣ್. ಸಾಣೆ ಹಿಡಿಯುವ ಖಾಸಿಂ ಚಾಚಾನ ಹತ್ತಿರ ಬಂದಳು.

“ಚಾಚಾ, ಚಾಚಾ, ಸಾಣಿ ಹಿಡಿದು ಕೊಡ್ರಿ. ಸಾಣಿ ಕತ್ತರಿಗೆ. ಕತ್ತರಿ ವೈರಿಗೆ. ವೈರು ದೀಪಕ್ಕ. ದೀಪ ಮರಿಗೆ. ನನ್ನ ಮರಿ ಸಿಗಬೇಕು.”

ಖಾಸಿಂ ಚಾಚಾ ಪೆಡಲು ತುಳಿದು ತೋರಿಸಿದ. ಪೆಡಲು ತಿರುಗಿತು. ಸಾಣೆಕಲ್ಲು ತಿರುಗಲಿಲ್ಲ.

“ನೋಡಿದ್ಯಾ ಬೇಟಾ? ಪಟ್ಟಿ ಹರದೈತಿ. ಸೈಕಲ್ ಟ್ಯೂಬಿನ ಪಟ್ಟಿ ತಾ, ಸಾಣಿ ಹಿಡೀತೀನಿ.”

ಟ್ರಿಣ್ ಟ್ರಿಣ್. ಹುಲಿಗಿ ಸೈಕಲ್ ಶಾಪಿನ ವಿರೂಪಣ್ಣನ ಹತ್ತಿರ ಬಂದಳು.

“ಅಣ್ಣಾ, ಅಣ್ಣಾ, ಟ್ಯೂಬಿನ ಪಟ್ಟಿ ಕೊಡ್ರಿ. ಪಟ್ಟಿ ಸಾಣಿಗೆ. ಸಾಣಿ ಕತ್ತರಿಗೆ. ಕತ್ತರಿ ವೈರಿಗೆ. ವೈರು ದೀಪಕ್ಕ. ದೀಪ ಮರಿಗೆ. ನನ್ನ ಮರಿ ಸಿಗಬೇಕು.”

ವಿರೂಪಣ್ಣ ಚಕ್ರಕ್ಕೆ ಒರಗಿ ಕೂತಿದ್ದ. ಅವನ ಹೊಟ್ಟೆ ಗುರ್ರ್ ಅಂದಿತು. ಹುಲಿಗಿಗೂ ಕೇಳಿಸಿತು.

“ಮುಂಜಾನಿಂದ ಏನೂ ತಿಂದಿಲ್ಲ ತಂಗಿ. ಕೈ ನಡಗತಾವ. ಈ ಕೈಯಾಗ ಟ್ಯೂಬ್ ಕತ್ತರಿಸಿದ್ರ ಪಟ್ಟಿ ಹಾವಿನಂಗ ಸೊಟ್ಟ ಆಗತೈತಿ. ಬಿಸಿ ಮಿರ್ಚಿ ತಾ, ಪಟ್ಟಿ ಕೊಡ್ತೀನಿ.”

ಟ್ರಿಣ್ ಟ್ರಿಣ್. ಹುಲಿಗಿ ಮಿರ್ಚಿ ಕರಿಯುವ ನೀಲವ್ವನ ಹತ್ತಿರ ಬಂದಳು.

“ದೊಡ್ಡವ್ವಾ, ದೊಡ್ಡವ್ವಾ, ಬಿಸಿ ಮಿರ್ಚಿ ಕೊಡ್ರಿ. ಮಿರ್ಚಿ ಅಣ್ಣಗ. ಅಣ್ಣ ಪಟ್ಟಿಗೆ. ಪಟ್ಟಿ ಕತ್ತರಿಗೆ…”

“ನಿಲ್ಲು ನಿಲ್ಲು,” ಅಂದಳು ನೀಲವ್ವ. “ಪಟ್ಟಿ ಹೆಂಗ ಕತ್ತರಿಗೆ ಹೋತು? ನಡುವೆ ಏನೋ ಬಿಟ್ಟಿ.”

ಹುಲಿಗಿ ಉಸಿರು ಎಳೆದುಕೊಂಡಳು. ಮೊದಲಿಂದ ಹೇಳಿದಳು.

“ಮಿರ್ಚಿ ಅಣ್ಣಗ. ಅಣ್ಣ ಪಟ್ಟಿಗೆ. ಪಟ್ಟಿ ಸಾಣಿಗೆ. ಸಾಣಿ ಕತ್ತರಿಗೆ. ಕತ್ತರಿ ವೈರಿಗೆ. ವೈರು ದೀಪಕ್ಕ. ದೀಪ ಮರಿಗೆ. ನನ್ನ ಮರಿ ಸಿಗಬೇಕು.”

“ಈಗ ಸರಿ ಆತು,” ಅಂದಳು ನೀಲವ್ವ. “ಹಿಟ್ಟು ಕಲಸೇನಿ. ಮೆಣಸಿನಕಾಯಿ ಸೀಳೇನಿ. ಒಲಿ ಮಾತ್ರ ತಣ್ಣಗೈತಿ. ಇದು ಹೊಟ್ಟಿನ ಒಲಿ. ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತಾ, ಮಿರ್ಚಿ ಕರೀತೀನಿ.”

ಟ್ರಿಣ್ ಟ್ರಿಣ್. ಹುಲಿಗಿ ರೈಸ್ ಮಿಲ್ಲಿಗೆ ಬಂದಳು. ಬಾಗಿಲಲ್ಲಿ ಕಾವಲಿನ ಕನಕಪ್ಪ ತಾತ.

“ತಾತಾ, ತಾತಾ, ಹೊಟ್ಟು ಕೊಡ್ರಿ. ಹೊಟ್ಟು ಒಲಿಗೆ. ಒಲಿ ಮಿರ್ಚಿಗೆ. ಮಿರ್ಚಿ ಅಣ್ಣಗ. ಅಣ್ಣ ಪಟ್ಟಿಗೆ. ಪಟ್ಟಿ ಸಾಣಿಗೆ. ಸಾಣಿ ಕತ್ತರಿಗೆ. ಕತ್ತರಿ ವೈರಿಗೆ. ವೈರು ದೀಪಕ್ಕ. ದೀಪ ಮರಿಗೆ. ನನ್ನ ಮರಿ ಸಿಗಬೇಕು.”

“ಏನಂದಿ?” ಅಂದ ತಾತ.

ತಾತನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಯಾಕೆಂದರೆ ಅವನ ತೋಳಿನಲ್ಲಿ ಮೊಮ್ಮಗಳು ಗಿರಿಜಿ ಅಳುತ್ತಿದ್ದಳು. ಬಾಯಿ ಇಷ್ಟಗಲ ತೆಗೆದು ಅಳುತ್ತಿದ್ದಳು. ಹುಲಿಗಿ ಹೊಟ್ಟಿನ ರಾಶಿಯ ಕಡೆ ಕೈ ತೋರಿಸಿದಳು.

“ಹೊಟ್ಟು ಬೆಟ್ಟದಷ್ಟೈತಿ,” ಅಂದ ತಾತ. “ತುಂಬಿ ಕೊಡಾಕ ಕೈ ಎಲ್ಲೈತಿ? ಇಕೀನ ಕೆಳಗ ಇಳಿಸಿದ್ರ ಇನ್ನೂ ಜೋರು ಅಳ್ತಾಳ. ಇಕೀನ ನಗಿಸು, ಹೊಟ್ಟು ಕೊಡ್ತೀನಿ.”

ಹುಲಿಗಿ ಗಂಟೆ ಬಾರಿಸಿದಳು. ಗಿರಿಜಿ ಅತ್ತಳು. ಹುಲಿಗಿ ಕಣ್ಣು ಮೆಳ್ಳೆ ಮಾಡಿದಳು. ಗಿರಿಜಿ ಇನ್ನೂ ಅತ್ತಳು. ಹುಲಿಗಿ ನಾಲಗೆ ಚಾಚಿದಳು. ಗಿರಿಜಿ ಮತ್ತೂ ಅತ್ತಳು.

ಬಿಸಿಲು ಹಳದಿ ಆಗುತ್ತಿತ್ತು. ಹುಲಿಗಿಗೆ ಬೂದಿಯ ನೆನಪಾಯಿತು. ಬೂದಿ ಈಗ ಹಸಿದಿರಬಹುದು. ಬೂದಿ ಈಗ ಕೂಗುತ್ತಿರಬಹುದು. ಹುಲಿಗಿಗೂ ಅಳು ಬಂತು.

ಆದರೆ ಅವಳು ಅಳಲಿಲ್ಲ. ಕೂತಳು. ಮೊಣಕಾಲು ಮಡಿಸಿದಳು. ಮೊಣಕೈ ರೆಕ್ಕೆ ಮಾಡಿದಳು. ಬೂದಿ ನಡೆದ ಹಾಗೆ ನಡೆದಳು. ಒಂದು ಕಾಲು ನೆಟ್ಟಗೆ. ಒಂದು ಕಾಲು ಕುಂಟು. ಕ್ವಾಕ್, ತಪ್. ಕ್ವಾಕ್, ತಪ್. ಹೊಟ್ಟಿನ ರಾಶಿಯ ಮೇಲೆ ಏರಿದಳು. ಜರ್ರನೆ ಜಾರಿದಳು. ತಲೆ ತುಂಬ ಹೊಟ್ಟು.

ಗಿರಿಜಿ ಬಾಯಿ ಮುಚ್ಚಿದಳು. ನೋಡಿದಳು. ಆಮೇಲೆ ನಕ್ಕಳು. ತಾತನ ತೋಳಿನಿಂದ ಇಳಿದಳು. ತಾನೂ ಕ್ವಾಕ್ ಅಂದಳು.

ಗಿರಿಜಿ ನಕ್ಕಳು, ತಾತ ಹೊಟ್ಟು ತುಂಬಿದ.

ತಾತ ಹೊಟ್ಟು ತುಂಬಿದ, ನೀಲವ್ವ ಒಲೆ ಹಚ್ಚಿದಳು.

ಒಲೆ ಉರಿಯಿತು, ಮಿರ್ಚಿ ಬೆಂದಿತು. ಮಿರ್ಚಿ ಬೆಂದಿತು, ವಿರೂಪಣ್ಣ ತಿಂದ. ಖಾರಕ್ಕೆ ಹಾ ಹಾ ಅಂತ ಬಾಯಿಂದ ಗಾಳಿ ಊದಿದ. ಕೈ ನಡುಗುವುದು ನಿಂತಿತು.

ವಿರೂಪಣ್ಣ ಪಟ್ಟಿ ಕತ್ತರಿಸಿದ, ಸಾಣೆಕಲ್ಲು ತಿರುಗಿತು.

ಸಾಣೆಕಲ್ಲು ತಿರುಗಿತು, ಕತ್ತರಿ ಹರಿತವಾಯಿತು.

ಕತ್ತರಿ ಹರಿತವಾಯಿತು, ಪಂಪಕ್ಕ ಕತ್ತರಿಸಿದಳು. ಕರ್ ಕರ್ ಕರ್. ರಾಶಿ ಇಳಿಯಿತು. ಮೂಗು ಕಂಡಿತು, ಗಲ್ಲ ಕಂಡಿತು, ಬಳೆ ಕಂಡಿತು. ಕೊನೆಗೆ ವೈರು ಕಂಡಿತು.

ವೈರು ಕಂಡಿತು, ದೀಪಕ್ಕೆ ಕೂತಿತು. ದೀಪದ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಣುಕ್ ಅಂದಿತು.

“ಈಗ ನೋಡೂನು?” ಅಂದಳು ಹುಲಿಗಿ.

“ಸ್ವಲ್ಪ ತಡಿ,” ಅಂದಳು ಪಂಪಕ್ಕ.

“ಈಗ?”

“ಇನ್ನೂ ಸ್ವಲ್ಪ. ಪೂರ್ತಿ ತುಂಬೂದು ಬ್ಯಾಡ. ನೋಡೂವಷ್ಟು ತುಂಬಲಿ.”

ಹುಲಿಗಿ ಕೂತಳು. ಎದ್ದಳು. ಕೂತಳು. ಬಾಗಿಲಾಚೆ ನೆರಳು ಉದ್ದವಾಯಿತು.

“ಈಗ ನೋಡು,” ಅಂದಳು ಪಂಪಕ್ಕ.

ಹುಲಿಗಿ ಫೋನು ತೆರೆದಳು. ಪೇಟೆ ಕಂಡಿತು. ಗದ್ದೆ ಕಂಡಿತು. ಸೇತುವೆ ಕಂಡಿತು. ಸೇತುವೆಯ ಮೇಲೆ ಸೈಕಲ್ಲು ಧಡಕ್ ಅಂದಿತು. ಬುಟ್ಟಿಯಿಂದ ಏನೋ ಬಿತ್ತು. ಉರುಳಿತು. ಎದ್ದು ನಿಂತಿತು. ಕಾಲುವೆಗೆ ಇಳಿಯುವ ಮೆಟ್ಟಿಲಿನ ಕಡೆ ಓಡಿತು. ಅಷ್ಟರಲ್ಲಿ ಚಿತ್ರ ಕಪ್ಪಾಯಿತು. ಚಾರ್ಜು ಮುಗಿದದ್ದು ಅಲ್ಲಿಯೇ.

“ಸೇತುವೆ ಮೆಟ್ಟಲಾ,” ಅಂದಳು ಹುಲಿಗಿ. ದೀಪ ಕಟ್ಟಿದಳು. ಸೈಕಲ್ಲು ಓಡಿಸಿದಳು.

ಹೊತ್ತು ಮುಳುಗುತ್ತಿತ್ತು. ಸೇತುವೆಯ ಕೆಳಗೆ ಕತ್ತಲು. ಹುಲಿಗಿ ದೀಪ ಬಿಚ್ಚಿ ಕೈಯಲ್ಲಿ ಹಿಡಿದಳು. ಈಗ ಕಣ್ಣು ಬೇಡ. ದೀಪ ಸಾಕು. ಕೆಂಪು ಬೆಳಕು ಮೊದಲನೇ ಮೆಟ್ಟಿಲ ಮೇಲೆ ಬಿತ್ತು. ಯಾರೂ ಇಲ್ಲ. ಎರಡನೇ ಮೆಟ್ಟಿಲ ಮೇಲೆ ಬಿತ್ತು. ಯಾರೂ ಇಲ್ಲ. ನೀರಿನ ಅಂಚಿನ ಒಗೆಯುವ ಕಲ್ಲಿನ ಮೇಲೆ ಬಿತ್ತು.

ಅಲ್ಲಿ ಬೂದಿ.

ಬೂದಿ ಬಸವನಹುಳು ತಿನ್ನುತ್ತಿತ್ತು. ಒಂದು ಹುಳು ಕೊಕ್ಕಿನಲ್ಲಿ, ಒಂದು ಕಾಲಿನ ಕೆಳಗೆ. ಹುಲಿಗಿಯನ್ನು ನೋಡಿತು. ಹುಳು ನುಂಗಿತು. ಆಮೇಲೆ ಓಡಿ ಬಂತು.

ತಪ್ ತಪ್ ತಪ್ ತಪ್. ನೆಟ್ಟಗೆ ಓಡಿ ಬಂತು. ಕುಂಟಲೇ ಇಲ್ಲ.

ಹುಲಿಗಿ ಅದನ್ನು ಎತ್ತಿ ಎದೆಗೆ ಹಿಡಿದಳು. ಮಿಲ್ಲಿನಲ್ಲಿ ತಡೆದಿಟ್ಟ ಅಳು ಈಗ ಬಂತು. ಸ್ವಲ್ಪ ಹೊತ್ತು ಅತ್ತಳು. ಬೂದಿ ಅವಳ ಗಲ್ಲ ಕುಕ್ಕಿತು. ಅವಳಿಗೆ ನಗು ಬಂತು.

ಮನೆಯ ಬಾಗಿಲಲ್ಲಿ ತಾಯಿ ಬಾತು ಇನ್ನೂ ನಿಂತಿತ್ತು. ಹುಲಿಗಿ ಬೂದಿಯನ್ನು ಕೆಳಗಿಟ್ಟಳು. ತಾಯಿ ಬಾತು ಹತ್ತಿರ ಬಂತು. ರೆಕ್ಕೆ ಎತ್ತಿತು. ಬೂದಿ ಒಳಗೆ ಹೋಯಿತು. ರೆಕ್ಕೆ ಮುಚ್ಚಿತು.

ದೀಪಕ್ಕೆ ಚಾರ್ಜು ಅರ್ಧ. ಕಥೆ ಮಾತ್ರ ಪೂರ್ತಿ.