ನೆಂಟರ ದಿಬ್ಬ

ನಮ್ಮೂರು ಎರೆಗೊಳ್ಳದಿಂದ ಉತ್ತರಕ್ಕೆ ಹೋಗುವ ಬಂಡಿದಾರಿ ಹಳ್ಳ ದಾಟಿದ ಮೇಲೆ ಕರಿನೆಲದ ಬಯಲಿಗೆ ಬೀಳುತ್ತದೆ. ಅಲ್ಲಿಂದ ಕಣ್ಣು ಹರಿದಷ್ಟು ದೂರ ಜೋಳದ ಹೊಲಗಳೇ. ಮರ ಅಪರೂಪ, ಮನೆ ಇಲ್ಲವೇ ಇಲ್ಲ. ಈ ಬಯಲಿನ ನಡುವೆ ಒಂದು ಸಣ್ಣ ದಿಬ್ಬವಿದೆ. ಪುರಾತತ್ವದವರು ಬಂದು ಅಗೆದು, ತಂತಿಬೇಲಿ ಹಾಕಿ, ಸಮುದ್ರದಾಚೆಯ ರೋಮಿನ ಕಡೆಯವನೊಬ್ಬ ತನ್ನ ನಾಡಿನ ರೀತಿಯಲ್ಲಿ ಕಟ್ಟಿಸಿದ ಮನೆಯಿದು ಎಂದು ಬೋರ್ಡು ನಿಲ್ಲಿಸಿ ಹೋಗಿದ್ದಾರೆ. ಒಳಗೆ ಮೊಣಕಾಲೆತ್ತರದ ಇಟ್ಟಿಗೆ ಗೋಡೆಗಳಿವೆ. ನಡುವೆ ಮಳೆನೀರು ಬೀಳಲೆಂದು ಮಾಡಿದ ತೊಟ್ಟಿಯಿದೆ. ನೆಲದ ಮೇಲೆ ಬಣ್ಣದ ಹರಳುಗಲ್ಲು ಕೂಡಿಸಿ ಬಿಡಿಸಿದ ಅರ್ಧ ಮೀನು ಕಾಣುತ್ತದೆ. ಉಳಿದರ್ಧವನ್ನು ಯಾವ ಕಾಲದ ನೇಗಿಲು ತಿಂದಿತೋ ಯಾರು ಬಲ್ಲರು. ತೊಟ್ಟಿಯ ಪಕ್ಕದ ಕೋಣೆಯಲ್ಲಿ ಮೂರು ಗೋಡೆಗಳಿಗೆ ಹತ್ತಿಕೊಂಡು ಮೂರು ಅಗಲವಾದ ಕಟ್ಟೆಗಳಿವೆ. ಹತ್ತು ಜನ ಆರಾಮವಾಗಿ ಒರಗಬಹುದು. ಆದರೆ ಆ ಕಟ್ಟೆಗಳಲ್ಲಿ ಸವೆದಿರುವುದು ಎರಡೇ ಜಾಗ. ಎದುರುಬದುರಿನ ಎರಡು ಕಟ್ಟೆಗಳಲ್ಲಿ ಮೊಣಕೈ ಊರುವಷ್ಟು ಒಂದೊಂದು ಕುಳಿ ಬಿದ್ದಿದೆ. ಮಿಕ್ಕ ಇಟ್ಟಿಗೆಗಳ ಅಂಚು ನಿನ್ನೆ ಗೂಡಿನಿಂದ ತೆಗೆದ ಹಾಗಿದೆ. ಕಾಗೆಯೂ ಹೆಚ್ಚು ಹೊತ್ತು ಕೂರದ ಈ ಜಾಗವನ್ನು ನಮ್ಮೂರವರು ನೆಂಟರ ದಿಬ್ಬ ಎನ್ನುತ್ತಾರೆ. ನೋಡಲು ಬಂದವರು ಹೆಸರು ಕೇಳಿ ನಗುತ್ತಾರೆ. ನಗಲಿ, ನಾನೂ ಒಂದು ಕಾಲಕ್ಕೆ ನಕ್ಕವನೇ. ನನ್ನ ಸೋದರತ್ತೆ ಇದರ ಕಥೆ ಹೇಳಿದ ಮೇಲೆ ನಗು ನಿಂತಿತು.

ಹಿಂದೆ ಒಮ್ಮೆ, ಪಡುವಣ ಕಡಲಿಗೆ ಯವನರ ಹಡಗುಗಳು ಬರುತ್ತಿದ್ದ ಕಾಲದಲ್ಲಿ, ಲೂಕನೆಂಬ ಯವನನೊಬ್ಬ ಘಟ್ಟ ಏರಿ ನಮ್ಮ ಸೀಮೆಗೆ ಹತ್ತಿ ಬಟ್ಟೆ ಕೊಳ್ಳಲು ಬಂದನಂತೆ. ಬಟ್ಟೆ ಹೇರಿಕೊಂಡು ಹೋದ ಅವನ ಹಡಗು ಮುಳುಗಿತು. ಆಮೇಲೆ ಬೇರೆ ಹಡಗುಗಳು ಬರುವುದೂ ನಿಂತಿತು. ಜೊತೆಯ ಆಳುಗಳು ಒಬ್ಬೊಬ್ಬರಾಗಿ ಕಡಲಿನ ಕಡೆಗೆ ಇಳಿದು ಹೋದರು. ಇವನಿಗೆ ಹೋಗಲು ದಾರಿಯಿರಲಿಲ್ಲ, ಇರಲು ಮನೆಯಿರಲಿಲ್ಲ. ಕೊನೆಗೆ ಊರಿನವರನ್ನೇ ಕೆಲಸಕ್ಕೆ ಹಚ್ಚಿ ಈ ಬಯಲಿನಲ್ಲಿ ತನ್ನ ತಂದೆಯ ಮನೆಯಂಥದೇ ಮನೆ ಕಟ್ಟಿಸಿದ. ಅವನ ನಾಡಿನಲ್ಲಿ ಮನೆಯೆಂದರೆ ಊಟದ ಕೋಣೆ, ಊಟವೆಂದರೆ ನೆಂಟರು. ಒಬ್ಬನೇ ಉಣ್ಣುವವನನ್ನು ಅಲ್ಲಿ ನಾಯಿ ಕೂಡ ಮೂಸುವುದಿಲ್ಲವಂತೆ. ಅದಕ್ಕೇ ಅವನು ಮಲಗುವ ಕೋಣೆಗಿಂತ ಮೊದಲು ಈ ಮೂರು ಕಟ್ಟೆಗಳನ್ನು ಕಟ್ಟಿಸಿದ್ದು. ಮನೆ ಮುಗಿದ ದಿನ, ತನಗೆ ಬರುತ್ತಿದ್ದ ನಾಲ್ಕಾರು ಮಾತುಗಳಲ್ಲಿ ಎರಡನ್ನು ಹಿಡಿದುಕೊಂಡು ಊರಿನ ಬಾಗಿಲು ಬಾಗಿಲಿಗೂ ಹೋಗಿ, "ಬರ್ರಿ, ಉಣ್ರಿ" ಎಂದು ಕರೆದ.

ಊರು ಹೊರಟಿತು. ಹೊಸ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಕುಂಬಳಕಾಯಿ, ಬೆಲ್ಲ, ಗಡಿಗೆಯಲ್ಲಿ ಮಜ್ಜಿಗೆ ಹೊತ್ತುಕೊಂಡು, ಗೌಡನನ್ನು ಮುಂದೆ ಮಾಡಿಕೊಂಡು ಹೋದರು. ದೀಪ ಹಚ್ಚಿತ್ತು, ಅಡುಗೆ ಘಮಘಮಿಸುತ್ತಿತ್ತು. ಆದರೆ ಬೆಳಿಗ್ಗೆ ಮನೆಮನೆ ತಿರುಗಿದ್ದ ಮನುಷ್ಯ ಕಟ್ಟೆಯ ಮೇಲೆ ದಿಂಬು ಹಾಕಿ, ಎಡ ಮೊಣಕೈ ಊರಿ, ಉದ್ದಕ್ಕೆ ಒರಗಿದ್ದ. ಒರಗಿಕೊಂಡೇ ಬಲಗೈಯಿಂದ ಒಂದು ತುತ್ತು ಬಾಯಿಗೆ ಹಾಕಿ, ಬನ್ನಿ ಎಂದು ಸನ್ನೆ ಮಾಡಿದ. ಅವನ ನಾಡಿನಲ್ಲಿ ಮರ್ಯಾದಸ್ಥರು ಉಣ್ಣುವುದೇ ಹಾಗೆ. ನಮ್ಮವರಿಗೆ ಅದೆಲ್ಲಿ ಗೊತ್ತು? ಆ ಕಾಲದ ಎರೆಗೊಳ್ಳದಲ್ಲಿ ಮಲಗಿ ಉಣ್ಣುವವನು ಒಬ್ಬನೇ, ಇಂದೋ ನಾಳೆಯೋ ಸಾಯುವವನು. ಅಂಥವನ ಕೊನೆಯ ತುತ್ತಿನ ಹೊತ್ತಿನಲ್ಲಿ ಆ ಮನೆಯಲ್ಲಿ ಬೇರೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಹೊಸ್ತಿಲಲ್ಲಿ ಗಂಜಿ ಇಟ್ಟು, ಹೋಗುವ ಜೀವಕ್ಕೆ ಅಡ್ಡ ಬಾರದೆ, ಹಿಂದೆ ತಿರುಗಿ ನೋಡದೆ ಹೊರಟುಬಿಡಬೇಕು. ಗೌಡ ತಲೆಯ ಮೇಲಿನ ರುಮಾಲು ತೆಗೆದ. ಊರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಒಳಗಿನಿಂದ ಲೂಕ, "ಬರ್ರಿ, ಉಣ್ರಿ" ಎಂದು ಕೂಗುತ್ತಲೇ ಇದ್ದ.

"ಜೀವಾ ಹೋಗೂ ಹೊತ್ತಿನ್ಯಾಗೂ ನಮ್ಮ ಹೊಟ್ಟಿ ಚಿಂತಿ ಮಾಡತಾನಲ್ಲೋ! ಎಂಥಾ ಮನಷ್ಯಾ!" ಎಂದು ಗೌಡ ಕಣ್ಣೊರೆಸಿಕೊಂಡನಂತೆ.

ಮರುದಿನ ಚಟ್ಟಕ್ಕೆಂದು ಬಿದಿರು ಹೊತ್ತು ತಂದವರಿಗೆ ಸತ್ತವನೇ ಅಂಗಳದಲ್ಲಿ ನಿಂತು ಬಳ್ಳಿಗೆ ನೀರು ಹಾಕುತ್ತಿರುವುದು ಕಂಡಿತು. ಸಂತೋಷಪಟ್ಟು ಹಿಂದಿರುಗಿದರು. ಸಂಜೆ ಇಣುಕಿದರೆ ಮತ್ತೆ ಮಲಗಿ ಉಣ್ಣುತ್ತಿದ್ದಾನೆ! ಇದು ಸಂಜೆ ಸಂಜೆಗೆ ಏರುವ ಜಡ್ಡು ಎಂದು ಊರಿನ ಹಿರಿಯರು ತೀರ್ಮಾನಿಸಿದರು. ನಮ್ಮೂರವರದು ಮೊದಲಿನಿಂದಲೂ ಒಳ್ಳೆಯ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ವಿಚಾರಿಸುವ ಚಾಳಿ ಮಾತ್ರ ಕಡಿಮೆ. ದಿನಕ್ಕೊಂದು ಮನೆಯವರು ಹೊತ್ತು ಮುಳುಗುವ ಮೊದಲು ಹೊಸ್ತಿಲಲ್ಲಿ ಗಂಜಿ ಇಟ್ಟು ಓಡಿ ಬರುವುದೆಂದು ಗೊತ್ತುಮಾಡಿಕೊಂಡರು. ಹಗಲು ಎದುರಾದರೆ "ಹ್ಯಾಂಗದೀರಿ?" ಎಂದು ಕೇಳುವರು. ಅವನು "ಚಲೋ ಅದೀನಿ" ಎನ್ನುವನು. ಪಾಪ, ರೋಗಿಗಳೆಲ್ಲ ಹೇಳುವುದು ಹಾಗೆಯೇ ಎಂದು ಇವರು ಮರುಗುವರು. ಇತ್ತ ಅವನು ಪ್ರತಿ ಸಂಜೆ ದೀಪ ಹಚ್ಚಿ, ಎಲ್ಲರಿಗೂ ಆಗುವಷ್ಟು ಬಟ್ಟಲು ಜೋಡಿಸಿ, ಒರಗಿ ಕಾಯುವನು. ಬರುತ್ತಿದ್ದದ್ದು ಗಂಜಿ, ಮನುಷ್ಯರಲ್ಲ. ನನ್ನ ಪಂಕ್ತಿಗೆ ಯಾರೂ ಒಲ್ಲರು, ಭಿಕ್ಷೆಯವನಿಗೆ ಹಾಕುವಂತೆ ಹಾಕಿ ಹೋಗುತ್ತಾರೆ ಎಂದು ಅವನು ತಿಳಿದ. ಹೀಗೆ ವರ್ಷಗಳು ಕಳೆದವು. ಅವನ ತಲೆ ಬೆಳ್ಳಗಾಯಿತು. ಇವರ ಕರುಣೆಯೇ ಆ ಮನುಷ್ಯನನ್ನು ಒಂಟಿ ಮಾಡಿತ್ತು. ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮಳೆಗಾಲದ ಒಂದು ದಿನ ಗಂಜಿಯ ಸರದಿ ಗಾಳೆವ್ವನದಾಗಿತ್ತು. ಗಾಳೆವ್ವ ಗಂಡ ಮಕ್ಕಳಿಲ್ಲದ ನಡುವಯಸ್ಸಿನ ಹೆಂಗಸು; ಒಲೆಯ ಮುಂದೆ ಒಬ್ಬಳೇ ಕುಳಿತು ಉಂಡು ರೂಢಿಯಾದವಳು. ಅವಳು ಗಂಜಿ ಇಡುವಷ್ಟರಲ್ಲಿ ಮಳೆ ಹೊಯ್ದು ಹಳ್ಳ ತುಂಬಿತು. ಹಿಂದಿರುಗಲು ದಾರಿಯಿಲ್ಲದೆ ತೊಟ್ಟಿಯ ಪಕ್ಕದ ಕಂಬಕ್ಕೆ ಒರಗಿ ನಿಂತಳು. ಅಲ್ಲಿಂದ ನೋಡುತ್ತಾಳೆ, ಒಳಗೆ ಮಲಗಿದವನು ರೊಟ್ಟಿಯ ಮೇಲೆ ರೊಟ್ಟಿ ಮುರಿದು ಗಬಗಬ ತಿನ್ನುತ್ತಿದ್ದಾನೆ. ಸಾಯುವವನಿಗೆ ಇಷ್ಟು ಹಸಿವೆಯೇ? ಆಮೇಲೆ ಅವಳ ಕಣ್ಣು ಸುತ್ತ ಜೋಡಿಸಿಟ್ಟ ಖಾಲಿ ಬಟ್ಟಲುಗಳ ಮೇಲೆ ಬಿತ್ತು.

"ಅಯ್ಯೋ ನನ್ನಪ್ಪಾ, ನಿನಗ ಜಡ್ಡಿಲ್ಲ! ನೀ ಮಂದಿ ದಾರಿ ಕಾಯಾಕತ್ತೀ!" ಎಂದಳು.

ಅವನು ಎದುರಿನ ಕಟ್ಟೆ ತಟ್ಟಿ ತೋರಿಸಿ, "ಬಾ, ಉಣ್ಣು" ಎಂದ. ಮಲಗಿ ಉಂಡರೆ ಸಾವನ್ನು ಕರೆದಂತೆ ಎಂದು ನಂಬಿದ್ದವಳು ಆಕೆ. ಆದರೂ ಕಟ್ಟೆ ಹತ್ತಿ, ಎಡ ಮೊಣಕೈ ಊರಿ, ಕಣ್ಣು ಮುಚ್ಚಿ ಒಂದು ತುತ್ತು ನುಂಗಿದಳು. ಸಾಯಲಿಲ್ಲ. ಕಣ್ಣು ಬಿಟ್ಟಾಗ ಆ ಮುದುಕ ಮಗುವಿನಂತೆ ಅಳುತ್ತಿದ್ದನು.

ಅಂದಿನಿಂದ ಅವಳು ಪ್ರತಿ ಸಂಜೆ ಹೋಗುತ್ತಿದ್ದಳು. ಊರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಊರು ಕೇಳಿತು, ತಲೆಯಾಡಿಸಿತು, ಜಡ್ಡು ಇವಳಿಗೂ ಅಂಟಿತೆಂದು ಮರುದಿನದಿಂದ ಹೊಸ್ತಿಲಲ್ಲಿ ಎರಡು ಗಂಜಿ ಇಡತೊಡಗಿತು. ಅವಳು ನಕ್ಕುಬಿಟ್ಟಳು. ಆದರೆ ಅವನ ಆಸೆ ಅವಳಿಗೆ ಗೊತ್ತಿತ್ತು. ಒಮ್ಮೆ ಹೇಳಿದಳು: "ಯಣ್ಣಾ, ಒಂದಿನಾ ನೆಲದ ಮ್ಯಾಲೆ ಕುಂತು ಉಣ್ಣು. ಊರಿಗೆ ಊರೇ ಬರತೈತಿ." ಅವನು ತಲೆ ಅಲ್ಲಾಡಿಸಿದ. ತಮ್ಮ ನಾಡಿನಲ್ಲಿ ಕುಳಿತು ಉಣ್ಣುವುದು ಮನೆಯವರು ಯಾರಾದರೂ ಸತ್ತಾಗ ಮಾತ್ರ, ಅದು ದುಃಖದ ಊಟ ಎಂದು ಹೇಗೋ ತಿಳಿಸಿದ. ಈ ಮಾತನ್ನೂ ಅವಳು ಗೌಡನಿಗೆ ಹೇಳಿದ್ದಳು. ಗೌಡ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ.

ವರ್ಷಗಳಾದ ಮೇಲೆ ಗಾಳೆವ್ವ ನಿಜವಾಗಿಯೇ ಜ್ವರ ಬಂದು ತೀರಿಕೊಂಡಳು. ಜಡ್ಡಿನ ಹೆದರಿಕೆಯಲ್ಲಿ ಊರು ಅವಸರದಿಂದ ಮಣ್ಣು ಮಾಡಿತು. ಹಿಂದೆ ಮುಂದೆ ಯಾರಿಲ್ಲದವಳ ದಿನಕರ್ಮ ಮಾಡಿ ನಾಲ್ಕು ಜನಕ್ಕೆ ಊಟ ಹಾಕುವವರೂ ಇರಲಿಲ್ಲ. ಆ ಸಂಜೆ ಗಂಜಿ ಇಡಲು ಹೋದವನು ಗಡಿಗೆ ಎಸೆದು ಓಡಿಬಂದ. "ಯವನಪ್ಪ ಎದ್ದು ಕುಂತಾನ! ಕುಂತು ಉಣ್ಣಾಕತ್ತಾನ! ಜಡ್ಡು ಹೋತು!" ಎಂದು ಓಣಿ ಓಣಿಯಲ್ಲಿ ಕೂಗಿದ. ಊರು ಕುಣಿಯುತ್ತ ಬಯಲಿಗೆ ಹರಿಯಿತು. ಅಷ್ಟು ವರ್ಷ ಕಾದ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನೆಲದ ಮೇಲೆ ಕುಳಿತಿದ್ದ ಲೂಕ ತಲೆಯೆತ್ತಿ ನೋಡಿದ. ಎದ್ದು, ಎಲ್ಲರನ್ನೂ ಸಾಲಾಗಿ ಕೂರಿಸಿ, ಮನೆಯಲ್ಲಿದ್ದುದನ್ನೆಲ್ಲ ಬಡಿಸಿದ. ಕಣ್ಣೀರು ಸುರಿಯುತ್ತಲೇ ಇತ್ತು. ಸಂತೋಷಕ್ಕೆ ಅಳುತ್ತಾನೆ ಎಂದುಕೊಂಡು ಊರು ಉಂಡಿತು.

ನಡುವೆ ಗೌಡನ ಕೈ ಬಾಯಿಯ ಹತ್ತಿರ ನಿಂತಿತು. ಗಾಳೆವ್ವನ ಮಾತು ಅವನಿಗೆ ಆಗ ನೆನಪಾಯಿತು. "ಯಾರ ಸಲುವಾಗಿ ಕುಂತಿಯಪ್ಪಾ?" ಎಂದು ಕೇಳಿದ. ಲೂಕ ಎದುರು ಕಟ್ಟೆಯ ಕುಳಿಯ ಕಡೆ ಕೈ ತೋರಿಸಿದ. ಊರು ಮಾಡದೆ ಬಿಟ್ಟ ಗಾಳೆವ್ವನ ದಿನದ ಊಟವನ್ನೇ ತಾವು ಉಣ್ಣುತ್ತಿದ್ದೇವೆಂದು ಎಲ್ಲರಿಗೂ ತಿಳಿಯಿತು. ಯಾರೂ ಏಳಲಿಲ್ಲ. ಎದ್ದರೆ ಅವಳಿಗೆ ಅದೂ ಇಲ್ಲದಂತಾಗುತ್ತಿತ್ತು. ತಲೆ ತಗ್ಗಿಸಿ ಕೊನೆಯ ತುತ್ತಿನವರೆಗೂ ಉಂಡರು ಎನ್ನುತ್ತಾರೆ.

ಎರೆಗೊಳ್ಳದಲ್ಲಿ ಇಂದು ಹಾಸಿಗೆ ಹಿಡಿದವರನ್ನು ಒಬ್ಬರೇ ಉಣ್ಣಲು ಬಿಡುವುದಿಲ್ಲ. ಮನೆಯವರು ಪಕ್ಕದಲ್ಲಿ ಕುಳಿತು ತಾವೂ ಉಣ್ಣುತ್ತಾರೆ. ಬಯಲಿನ ಕುರಿಗಾರರು ಬುತ್ತಿ ಬಿಚ್ಚಲು ದಿಬ್ಬಕ್ಕೆ ಬಂದರೆ ಕಟ್ಟೆ ಹತ್ತದೆ ನೆಲದ ಮೇಲೆಯೇ ಕೂರುತ್ತಾರೆ. ನೀವು ಮಧ್ಯಾಹ್ನ ಹೋದರೆ ಒಂದು ಕುಳಿಯಲ್ಲಿ ರೊಟ್ಟಿಯ ಚೂರು, ಅದರ ಸುತ್ತ ಇರುವೆಗಳು ಕಾಣುತ್ತವೆ. ಅದು ಗಾಳೆವ್ವನ ಜಾಗ. ಎದುರಿನ ಕುಳಿ ಯಾವಾಗಲೂ ಖಾಲಿ. ಅಲ್ಲಿ ಏಕೆ ಇಡುವುದಿಲ್ಲ ಎಂದು ನಾನೊಮ್ಮೆ ಕುರಿಗಾರನೊಬ್ಬನನ್ನು ಕೇಳಿದ್ದೆ. "ಅಂವಾ ಮನೀ ಯಜಮಾನ್ರೀ," ಎಂದ ಅವನು, "ನೆಂಟರದೆಲ್ಲಾ ಆದ ಮ್ಯಾಲೆ ಉಣ್ತಾನ."