ಲಾಜರಸ್ ಮೇಸ್ತ್ರಿ ಕಟ್ಟಿದ ಕಾರು

"ಗುರುಗಳೇ, ಹಿರಿಯ ಗುರುಗಳು ಕೊಟ್ಟ ಸಾಧನೆಯನ್ನು ಬಿಟ್ಟು ಬೇರೊಂದನ್ನು ಹಿಡಿದರೆ ನಾನು ಅವರ ಶಿಷ್ಯನಾಗಿ ಉಳಿಯುತ್ತೇನೆಯೇ?"

ಹೀಗೆ ಕೇಳಿದವನು ಆಶ್ರಮಕ್ಕೆ ಬಂದು ಏಳು ವರ್ಷವಾಗಿತ್ತು. ದೀಕ್ಷೆ ಕೊಟ್ಟ ಹಿರಿಯ ಗುರುಗಳು ಅವನಿಗೆ ಉಸಿರು ಕಟ್ಟಿ ಕೂರುವ ಕಠಿಣವಾದ ಅಭ್ಯಾಸವೊಂದನ್ನು ಹೇಳಿಕೊಟ್ಟು, ಮರುವರ್ಷ ತೀರಿಕೊಂಡಿದ್ದರು. ಅಂದಿನಿಂದ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಈಚೆಗೆ ಎದೆನೋವು ಶುರುವಾಗಿತ್ತು. ಎರಡು ಸಲ ಕೂತಲ್ಲೇ ಪ್ರಜ್ಞೆ ತಪ್ಪಿತ್ತು. ನಿಲ್ಲಿಸು ಎಂದು ವೈದ್ಯರು ಹೇಳಿದ್ದರು. ನಿಲ್ಲಿಸಲು ಅವನಿಗೆ ಧೈರ್ಯ ಬಂದಿರಲಿಲ್ಲ.

ಈಗಿನ ಗುರುಗಳೂ ಅದೇ ಹಿರಿಯರ ಶಿಷ್ಯರು. ಸಂನ್ಯಾಸಕ್ಕೆ ಮೊದಲು ಲೇಥ್ ಮೆಷಿನ್ನಿನ ಮುಂದೆ ನಿಂತು ದುಡಿದವರು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕೂತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ನಾನು ಕೆಲಸ ಮಾಡುತ್ತಿದ್ದ ಊರಿನಲ್ಲಿ ಲಾಜರಸ್ ಎಂಬ ಮೇಸ್ತ್ರಿ ಇದ್ದ. ಪಂದ್ಯದ ಕಾರು ಕಟ್ಟುವುದು ಅವನ ಕಸುಬು. ರಸ್ತೆಯಲ್ಲಿ ಓಡುವ ಕಾರಲ್ಲ. ಪಂದ್ಯಕ್ಕೆಂದೇ ಮಾಡಿದ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ಕಾರು. ಅದಕ್ಕೆ ಬಾಗಿಲಿಲ್ಲ, ಛಾವಣಿಯಿಲ್ಲ, ಒಬ್ಬರೇ ಕೂರಬೇಕು. ಕಬ್ಬಿಣದ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ ಅದಕ್ಕೆ ತೆಳ್ಳನೆಯ ತಗಡು ಹೊದಿಸುತ್ತಿದ್ದ. ಬೇಡದ ಒಂದು ಬೋಲ್ಟನ್ನೂ ಉಳಿಸುತ್ತಿರಲಿಲ್ಲ. ಆರು ಜನ ಕೈಹಾಕಿದರೆ ಅವನ ಕಾರನ್ನು ಎತ್ತಿ ಪಕ್ಕಕ್ಕಿಡಬಹುದಾಗಿತ್ತು. ಅಷ್ಟು ಹಗುರ.

ದೇಚಮ್ಮ ಎಂಬ ಹೆಂಗಸು ಅವನ ಹತ್ತಿರ ಕಾರು ಓಡಿಸಲು ಕಲಿತಳು. ಅವಳು ಕೊಡಗಿನವಳು. ಮೇಸ್ತ್ರಿ ಮೊದಲು ಕಲಿಸುವುದಿಲ್ಲ ಎಂದ. ಅವಳು ಎರಡು ತಿಂಗಳು ದಿನವೂ ಬಂದು ಅವನ ಶೆಡ್ಡಿನ ಮುಂದೆ ನಿಂತಳು. ಆಮೇಲೆ ಕಲಿಸಿದ. ಐದು ವರ್ಷದಲ್ಲಿ ಅವಳು ಗಂಡಸರನ್ನು ಹಿಂದೆ ಹಾಕುವ ಹಾಗಾದಳು.

ಮೇಸ್ತ್ರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಬಂತು. ಕೊಳವೆಯ ಬೆಸುಗೆ ಕಾಣದಂತಾದಾಗ ಅವನು ಶೆಡ್ಡು ಮುಚ್ಚಿ, ದೂರದ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟ. ಹೊರಡುವ ದಿನ ತನಗಾಗಿಯೇ ಇಟ್ಟುಕೊಂಡಿದ್ದ ಕಾರಿನ ಬೀಗದ ಕೈಯನ್ನು ದೇಚಮ್ಮನಿಗೆ ಕೊಟ್ಟ. ಅವಳು ಕಲಿಯಲು ಬರುವುದಕ್ಕಿಂತ ಮುಂಚೆಯೇ ಅವನು ಕಟ್ಟಿದ್ದ ಕಾರು ಅದು.

"ಚೆನ್ನಾಗಿ ನೋಡಿಕೋ" ಎಂದ. ಬೇರೇನೂ ಹೇಳಲಿಲ್ಲ.

ದೇಚಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾರಿನಲ್ಲಿ ಏನನ್ನೂ ಬದಲಿಸಬಾರದು ಎಂದು ಅದರ ಅರ್ಥ ಮಾಡಿಕೊಂಡಳು. ಕನ್ನಡಿಯ ಗಾಜು ಬಿರುಕು ಬಿಟ್ಟಿತ್ತು. ಅದನ್ನೂ ಹಾಗೆಯೇ ಬಿಟ್ಟಳು.

ಆ ಕಾರಿನ ಎಂಜಿನ್ ವಿದೇಶದ್ದು. ಚಿಕ್ಕದು, ಚುರುಕು, ಆದರೆ ಬಲು ನಾಜೂಕು. ಅದರ ಬಿಡಿಭಾಗಗಳು ಬರುವುದು ನಿಂತುಹೋಗಿತ್ತು. ಮೊದಲ ವರ್ಷ ಎರಡು ಪಂದ್ಯಗಳಲ್ಲಿ ಕೈಕೊಟ್ಟಿತು. ಎರಡನೆಯ ವರ್ಷ ನಾಲ್ಕರಲ್ಲಿ. ಪ್ರತಿ ಸಲವೂ ಕಾರನ್ನು ಜನ ತಳ್ಳಿಕೊಂಡು ಬರುತ್ತಿದ್ದರು. ಅವಳು ಹೆಲ್ಮೆಟ್ ತೆಗೆಯದೆ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಎಂಜಿನ್ ಬದಲಿಸು ಎಂದು ಹಲವರು ಹೇಳಿದರು. ಬದಲಿಸಿದರೆ ಅದು ಮೇಸ್ತ್ರಿಯ ಕಾರಾಗುವುದಿಲ್ಲ ಎಂದು ಅವಳು ಉತ್ತರ ಕೊಡುತ್ತಿದ್ದಳು. ಮೇಸ್ತ್ರಿ ಆಗಾಗ ಫೋನು ಮಾಡಿ ಕಾರು ಹೇಗಿದೆ ಎಂದು ಕೇಳುತ್ತಿದ್ದ. ನೀವು ಕೊಟ್ಟ ಹಾಗೆಯೇ ಇದೆ ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಮೂರನೆಯ ವರ್ಷ ಒಂದು ಪಂದ್ಯದ ಐದನೆಯ ಸುತ್ತಿನಲ್ಲಿ, ಕಾರು ಪೂರ್ತಿ ವೇಗದಲ್ಲಿದ್ದಾಗ ಎಂಜಿನ್ ಒಳಗೇ ಒಡೆಯಿತು. ಹಿಂದಿನ ಚಕ್ರಗಳು ಕಚ್ಚಿಕೊಂಡವು. ಎಣ್ಣೆ ಟ್ರ್ಯಾಕಿನ ಮೇಲೆ ಚೆಲ್ಲಿತು. ದೇಚಮ್ಮ ಹೇಗೋ ಕಾರನ್ನು ಬದಿಯ ಹುಲ್ಲಿಗೆ ತಂದು ನಿಲ್ಲಿಸಿದಳು. ಅವಳ ಹಿಂದೆಯೇ ಬರುತ್ತಿದ್ದ ಕಾರು ಆ ಎಣ್ಣೆಯ ಮೇಲೆ ಜಾರಿ, ತಿರುಗಿ, ಟೈರುಗಳ ತಡೆಗೋಡೆಗೆ ಬಡಿಯಿತು.

ಆ ಕಾರಿನಲ್ಲಿದ್ದವನು ಒಬ್ಬ ಹಲ್ಲಿನ ಡಾಕ್ಟರು. ಪ್ರಾಣ ಉಳಿಯಿತು. ಬಲಗೈಯ ಮಣಿಕಟ್ಟು ಮುರಿಯಿತು.

ಮರುದಿನ ದೇಚಮ್ಮ ಆಸ್ಪತ್ರೆಗೆ ಹೋದಳು. ಮಂಚದ ಪಕ್ಕದಲ್ಲಿ ನಿಂತು ಕ್ಷಮೆ ಕೇಳಿದಳು. ಡಾಕ್ಟರು ಒಳ್ಳೆಯ ಮನುಷ್ಯ. ಅವಳನ್ನು ಕೂರಲು ಹೇಳಿದ. ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ಹೇಳಿದ:

"ನಿಮ್ಮ ಕಾರು ಕೆಟ್ಟಿತು ಅಂತ ನನಗೆ ಬೇಜಾರಿಲ್ಲ. ಯಾರದಾದರೂ ಕೆಡುತ್ತದೆ. ಅದು ಕೆಡುತ್ತದೆ ಅಂತ ನಿಮಗೆ ಗೊತ್ತಿತ್ತಲ್ಲ, ಅದಕ್ಕೆ ಬೇಜಾರು."

ತಾನು ಇಷ್ಟು ದಿನ ನಿಷ್ಠೆ ಎಂದುಕೊಂಡದ್ದಕ್ಕೆ ಬೇರೊಬ್ಬ ಬೆಲೆ ತೆತ್ತನೆಂಬುದು ಅವಳ ಮನಸ್ಸಿನಲ್ಲಿ ಕೂತಿತು. ಆ ಕೈ ಸರಿಯಾಗದಿದ್ದರೆ ಅವನ ಕಸುಬೇ ಹೋಗುತ್ತಿತ್ತು.

ಅಲ್ಲಿಂದ ಅವಳು ನೇರ ಖಾದರನ ಗ್ಯಾರೇಜಿಗೆ ಬಂದಳು. ಖಾದರ್ ಶಾಲೆಯ ವ್ಯಾನುಗಳನ್ನೂ ಬಾಡಿಗೆ ಕಾರುಗಳನ್ನೂ ರಿಪೇರಿ ಮಾಡುವವನು. ಪಂದ್ಯದ ಕಾರನ್ನು ಮುಟ್ಟಿದವನಲ್ಲ. ಆದರೆ ಅವನು ರಿಪೇರಿ ಮಾಡಿದ ವ್ಯಾನು ದಾರಿಯಲ್ಲಿ ನಿಂತದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಖಾದರ್ ಭಾಯಿ, ಎಂಜಿನ್ ತೆಗೆದುಹಾಕಿದರೆ ಇದು ಮೇಸ್ತ್ರಿಯ ಕಾರಾಗಿ ಉಳಿಯುತ್ತದೆಯೇ?"

"ಅದು ನನಗೆ ಗೊತ್ತಿಲ್ಲಮ್ಮ. ಇದೇ ಎಂಜಿನ್ನನ್ನು ಹೇಗೋ ರಿಪೇರಿ ಮಾಡಿ ಓಡಿಸಿದರೆ ಇನ್ನೊಬ್ಬರ ಕೈ ಮುರಿಯುತ್ತದೆ. ಅಷ್ಟು ಗೊತ್ತು."

ಎಂಜಿನ್ ಇಳಿಸುವ ಸುದ್ದಿ ಹರಡಿತು. ಟ್ರ್ಯಾಕಿನ ಗೆಳೆಯರು ಬಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಹೇಗೂ ಬದಲಿಸುತ್ತಿದ್ದೀಯ, ದೊಡ್ಡದನ್ನೇ ಹಾಕು, ಎರಡು ಪಾಲು ಶಕ್ತಿ ಬರುತ್ತದೆ ಎಂದರು. ಖಾದರ್ ಟೇಪು ಹಿಡಿದು ಚೌಕಟ್ಟನ್ನು ಒಂದು ದಿನವೆಲ್ಲ ಅಳೆದ. ಪ್ರತಿ ಬೆಸುಗೆಯನ್ನೂ ಬೆರಳಿನಿಂದ ತಡವಿ ನೋಡಿದ. ಕೊನೆಗೆ, ದೊಡ್ಡದು ಬೇಡ, ಈ ಚೌಕಟ್ಟು ಹೊರುವಷ್ಟನ್ನೇ ಕೂರಿಸೋಣ ಎಂದ.

ಅವನು ಆರಿಸಿದ್ದು ಸಾಧಾರಣ ಮನೆಬಳಕೆಯ ಕಾರಿನ ಎಂಜಿನ್. ಎಲ್ಲ ಬೀದಿಯಲ್ಲೂ ಓಡಾಡುವ ಕಾರಿನದು. ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಹಳೆಯದಕ್ಕಿಂತ ಹದಿನಾಲ್ಕು ಕಿಲೋ ಹೆಚ್ಚು ಭಾರ. ಮುಂದೆ ಭಾರ ಹೆಚ್ಚಾದರೆ ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಆದ್ದರಿಂದ ಅದನ್ನು ಒಂದು ಗೇಣು ಹಿಂದಕ್ಕೆ ಕೂರಿಸಬೇಕಾಯಿತು. ಅದಕ್ಕಾಗಿ ಸೀಟು ಸರಿಸಬೇಕಾಯಿತು, ಬ್ಯಾಟರಿಯ ಜಾಗ ಬದಲಾಯಿಸಬೇಕಾಯಿತು. ಹೊಸ ಎಂಜಿನ್ನಿಗೂ ಹಳೆಯ ಗೇರ್ ಬಾಕ್ಸಿಗೂ ತೂತುಗಳು ಹೊಂದಲಿಲ್ಲ. ಎರಡರ ನಡುವೆ ದಪ್ಪ ತಟ್ಟೆಯೊಂದನ್ನು ಕೂರಿಸಿದರು. ಆ ತಟ್ಟೆಯನ್ನು ಲೇಥಿನಲ್ಲಿ ಕಡೆದುಕೊಟ್ಟವನು ನಾನು. ಎರಡು ಸಲ ಅಳತೆ ತಪ್ಪಿತು. ಮೂರನೆಯದು ಕೂತಿತು. ಅದಕ್ಕೇ ಈ ಕತೆ ನನಗೆ ಗೊತ್ತು.

ಮೂರು ತಿಂಗಳ ಮೇಲೆ ಎಂಜಿನ್ ಚಾಲೂ ಆಯಿತು. ಹಳೆಯ ಎಂಜಿನ್ನಿನ ಸದ್ದು ಸೀಳಿದಂತೆ ಕೇಳುತ್ತಿತ್ತು. ಇದರದು ಪೇಟೆಯ ಬಾಡಿಗೆ ಕಾರಿನ ಸದ್ದು. ದೇಚಮ್ಮನ ಮುಖ ಚಿಕ್ಕದಾಯಿತು. ಖಾದರ್ ಅದನ್ನು ಕಂಡ. ಓಡಿಸಿ ನೋಡಿ ಎಂದು ಸನ್ನೆ ಮಾಡಿದ.

ಮೊದಲ ದಿನ ಎಂಜಿನ್ ಕಾದುಹೋಯಿತು. ರೇಡಿಯೇಟರಿಗೆ ಗಾಳಿ ಸಾಲುತ್ತಿರಲಿಲ್ಲ. ಮೂತಿಯ ತಗಡನ್ನು ಕತ್ತರಿಸಿ ಅಗಲ ಮಾಡಿದರು. ಎರಡನೆಯ ದಿನ ಅವಳು ಹದಿನೈದು ಸುತ್ತು ಹೊಡೆದಳು. ಹಿಂದಿರುಗಿದವಳು ಕೆಳಗಿಳಿಯದೆ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. ಏನಾದರೂ ಕೆಟ್ಟಿತೇ ಎಂದು ಖಾದರ್ ಓಡಿಬಂದ. ಇಲ್ಲ, ತಿರುವಿನಲ್ಲಿ ಮೊದಲಿನ ಹಾಗೆಯೇ ಹೋಗುತ್ತದೆ ಎಂದಳು.

ಹೀಗಿದ್ದರೂ ಮೇಸ್ತ್ರಿಗೆ ವಿಷಯ ತಿಳಿಸಲು ಅವಳಿಂದಾಗಲಿಲ್ಲ. ಅವನ ಫೋನು ಬಂದಾಗ ಎರಡು ಸಲ ಎತ್ತಲಿಲ್ಲ.

ಆ ವರ್ಷದ ಕೊನೆಯ ಪಂದ್ಯ ಬಂತು. ದೇಚಮ್ಮ ಹನ್ನೆರಡು ಸುತ್ತನ್ನೂ ಮುಗಿಸಿದಳು. ಗೆಲ್ಲಲಿಲ್ಲ. ಆರನೆಯವಳಾಗಿ ಬಂದಳು. ಆದರೆ ಆ ವರ್ಷ ಅವಳು ಪೂರ್ತಿ ಮುಗಿಸಿದ ಮೊದಲ ಪಂದ್ಯ ಅದು. ಕಾರನ್ನು ಯಾರೂ ತಳ್ಳಬೇಕಾಗಲಿಲ್ಲ. ಗೆರೆ ದಾಟಿದ ಮೇಲೆ ಬೇಕೆಂದೇ ಇನ್ನೊಂದು ಸುತ್ತು ನಿಧಾನವಾಗಿ ಬಂದಳು. ಹಲ್ಲಿನ ಡಾಕ್ಟರನ ಕೈ ಗುಣವಾಗಿತ್ತು, ಅವನೂ ಓಡಿಸಿದ್ದ. ಅವನು ಬಂದು, "ಅರ್ಧ ದಾರಿ ನಿಮ್ಮ ಹಿಂದೆಯೇ ಇದ್ದೆ. ಭಯವಾಗಲಿಲ್ಲ" ಎಂದ. ಬಹುಮಾನ ಸಿಕ್ಕಿದ್ದರೂ ಅವಳಿಗೆ ಅಷ್ಟು ನೆಮ್ಮದಿಯಾಗುತ್ತಿರಲಿಲ್ಲ.

ಆ ನೆಮ್ಮದಿ ನಿಲ್ಲಲಿಲ್ಲ. ಹೆಲ್ಮೆಟ್ ತೆಗೆದು ತಿರುಗಿದರೆ, ಬೇಲಿಯ ಆಚೆ ಕುರ್ಚಿಯ ಮೇಲೆ ಲಾಜರಸ್ ಮೇಸ್ತ್ರಿ ಕೂತಿದ್ದ. ತಂಗಿಯ ಜೊತೆ ಬಸ್ಸಿನಲ್ಲಿ ಬಂದಿದ್ದ. ಬೆಳಗಿನಿಂದ ಅಲ್ಲೇ ಕೂತು ಪಂದ್ಯವನ್ನು ಕಿವಿಯಿಂದ ನೋಡಿದ್ದ.

ದೇಚಮ್ಮ ಹೆಲ್ಮೆಟ್ಟನ್ನು ಕಾರಿನ ಮೇಲಿಟ್ಟಳು. ಹೋಗಿ ಅವನ ಮುಂದೆ ನಿಂತಳು.

"ಮೇಸ್ತ್ರಿ, ನಿಮ್ಮ ಎಂಜಿನ್ ತೆಗೆದುಬಿಟ್ಟೆ. ತಪ್ಪಾಯಿತು."

"ಮೊದಲನೆಯ ಸುತ್ತಿಗೇ ಗೊತ್ತಾಯಿತು. ನನ್ನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗು."

ಅವಳು ಕೈಹಿಡಿದು ಕರೆತಂದಳು. ಮೇಸ್ತ್ರಿ ನೆಲಕ್ಕೆ ಕೂತು, ಕಾರಿನ ಮೈಯನ್ನು ಮೂತಿಯಿಂದ ಹಿಡಿದು ತಡವುತ್ತ ಬಂದ. ಅಗಲ ಮಾಡಿದ ತಗಡನ್ನು ಮುಟ್ಟಿದ. ಹೊಸ ಎಂಜಿನ್ ಕೂರಿಸಿದ ಪಟ್ಟಿಗಳನ್ನು ಮುಟ್ಟಿ, ಒಂದೊಂದನ್ನೂ ಅಲ್ಲಾಡಿಸಿ ನೋಡಿದ. ಖಾದರ್ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಮೇಸ್ತ್ರಿ ದೇಚಮ್ಮನ ಕೈಯನ್ನು ಹಿಡಿದು, ಚೌಕಟ್ಟಿನ ಕೆಳಗೆ ಒಳಭಾಗಕ್ಕೆ ಒಯ್ದು ಒಂದು ಕೊಳವೆಯ ಮೇಲಿಟ್ಟ. ಅಲ್ಲಿ ಬಣ್ಣದ ಕೆಳಗೆ, ಹಳೆಯ ಪಟ್ಟಿಯನ್ನು ಕತ್ತರಿಸಿ ಅರದಿಂದ ಉಜ್ಜಿ ಸಮ ಮಾಡಿದ ಗುರುತಿತ್ತು. ನಾಲ್ಕು ಬೆರಳು ಆಚೆ ಅಂಥದೇ ಇನ್ನೊಂದು ಗುರುತು.

"ಮೊದಲಿನ ಎಂಜಿನ್ ಇಲ್ಲಿ ಕೂತಿತ್ತು. ಎರಡನೆಯದು ಇಲ್ಲಿ. ನೀನು ತೆಗೆದದ್ದು ಮೂರನೆಯದು. ಕಣ್ಣು ಇನ್ನೊಂದು ವರ್ಷ ಇದ್ದಿದ್ದರೆ ಅದನ್ನೂ ನಾನೇ ತೆಗೆಯುತ್ತಿದ್ದೆ. ಮೂರು ವರ್ಷ ಅದನ್ನೇ ಇಟ್ಟುಕೊಂಡಿದ್ದೆಯಾ?"

"ಚೆನ್ನಾಗಿ ನೋಡಿಕೋ ಅಂದಿರಿ."

"ಓಡುವ ಹಾಗೆ ನೋಡಿಕೋ ಅಂದೆನಮ್ಮ."

ದೇಚಮ್ಮ ಕಾರಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅವಳಿಗೆ ಅಳು ಬಂತು. ಅಳುತ್ತಿರುವಾಗಲೇ ನಗುವೂ ಬಂತು. ಮೂರು ವರ್ಷ ಹೊತ್ತುಕೊಂಡಿದ್ದ ಭಾರವನ್ನು ಯಾರೂ ಅವಳ ತಲೆಯ ಮೇಲೆ ಹೊರಿಸಿರಲಿಲ್ಲ. ಮೇಸ್ತ್ರಿ ಅಷ್ಟರಲ್ಲಿ ಅವಳನ್ನು ಮರೆತು, ತಟ್ಟೆ ಎಷ್ಟು ದಪ್ಪ, ಯಾವ ಕಬ್ಬಿಣ ಎಂದು ಖಾದರನನ್ನು ವಿಚಾರಿಸುತ್ತಿದ್ದ. ಇಬ್ಬರೂ ಸಂಜೆಯ ತನಕ ಆ ಕಾರಿನ ಪಕ್ಕ ಬಿಟ್ಟು ಏಳಲಿಲ್ಲ. ತಂಗಿ ಕಾದು ಕಾದು, ಬಸ್ಸು ತಪ್ಪುತ್ತದೆ ಎಂದು ಎಬ್ಬಿಸಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರವಾಗಿತ್ತು. ಆದರೂ ಒಂದು ಸಂದೇಹ ಉಳಿದಿತ್ತು.

"ಕಾರಿನ ಮಾತು ಸರಿ, ಗುರುಗಳೇ. ಆದರೆ ಹಿರಿಯ ಗುರುಗಳು ತಮಗೂ ಇದೇ ಸಾಧನೆಯನ್ನು ಕೊಟ್ಟಿರಬೇಕಲ್ಲವೇ? ತಾವು ಇಷ್ಟು ವರ್ಷ ಅದನ್ನು ಬಿಡಲಿಲ್ಲವಲ್ಲ?"

ಗುರುಗಳು ಹೇಳಿದರು: "ನನಗೆ ಅವರು ಕೊಟ್ಟದ್ದು ಬೆಳಿಗ್ಗೆ ಎದ್ದು ತರಕಾರಿ ಮಡಿಗಳಿಗೆ ನೀರು ಹಾಕುವ ಕೆಲಸ, ಅದೊಂದೇ."